ಹ್ಯಾಮ್ ಲಾಗ್‌ನಲ್ಲಿ ಹುಡುಕಾಟ: ‘ಇಲ್ಲ’ ಅನ್ನೋ ಮೊದಲು

ಹ್ಯಾಮ್ ರೇಡಿಯೋದವರು ಯಾರ ಜೊತೆ ಮಾತಾಡಿದ್ರೂ ಒಂದು ಸಾಲು ಬರೆದಿಡ್ತಾರೆ. ಆಚೆಯವರ ಕಾಲ್‌ಸೈನ್, ದಿನಾಂಕ, ಹೊತ್ತು, ಬ್ಯಾಂಡ್, ಮೋಡ್, ಸಿಗ್ನಲ್ ಹೇಗೆ ಕೇಳಿಸ್ತು ಅನ್ನೋ ರಿಪೋರ್ಟ್. ಇದೇ ಲಾಗ್. ಕೆಲವು ವರ್ಷ ರೇಡಿಯೋ ಹಚ್ಚಿದವರ ಹತ್ರ ಇಂಥ ಸಾಲುಗಳು ಸಾವಿರಗಟ್ಟಲೆ ಇರ್ತವೆ. ಅದರಲ್ಲಿ ಒಂದು ಕಾಲ್‌ಸೈನ್ ಹುಡುಕೋದು ಎಂತ ದೊಡ್ಡ ಕೆಲಸ, ಒಂದು ಟೇಬಲ್, ಒಂದು ಸೆಲೆಕ್ಟ್ ಕ್ವೆರಿ, ಮುಗೀತು ಅಂತ ನಿಮಗೆ ಅನ್ನಿಸಬಹುದು. ವೇಗದ ಮಟ್ಟಿಗೆ ಅದು ನಿಜವೇ. ಸಾಲುಗಳನ್ನು ಕಾಲ್‌ಸೈನ್ ಪ್ರಕಾರ ಜೋಡಿಸಿಟ್ರೆ ಒಂದು ಲಕ್ಷ ಸಾಲಿನಲ್ಲೂ ಬೈನರಿ ಸರ್ಚ್ 17 ಹೆಜ್ಜೆಗೆ ಮುಗೀತದೆ. ಹಾಗಾದ್ರೆ ಕಷ್ಟ ಎಲ್ಲಿ?

ಕಾಣಿ, ಲಾಗ್‌ನ ಒಂದೊಂದು ಸಾಲಿಗೂ ಇಬ್ಬರು ಸಾಕ್ಷಿ. ನೀವು ಬರೆದದ್ದು ನಿಮ್ಮ ಪುಸ್ತಕದಲ್ಲಿ, ಆಚೆಯವರು ಬರೆದದ್ದು ಅವರ ಪುಸ್ತಕದಲ್ಲಿ. ಅಮೆರಿಕದ ಎಆರ್‌ಆರ್‌ಎಲ್ ಸಂಸ್ಥೆ 2003ರಲ್ಲಿ ಶುರು ಮಾಡಿದ ‘ಲಾಗ್‌ಬುಕ್ ಆಫ್ ದಿ ವರ್ಲ್ಡ್’ ಇವೆರಡನ್ನೂ ತಾಳೆ ನೋಡ್ತದೆ. ಕಾಲ್‌ಸೈನ್, ಬ್ಯಾಂಡ್, ಮೋಡ್ ಕೂಡಬೇಕು, ಸಮಯದಲ್ಲಿ 30 ನಿಮಿಷದ ಒಳಗಿನ ವ್ಯತ್ಯಾಸ ಮಾತ್ರ ನಡೀತದೆ. ಕೂಡಿದ್ರೆ ಆ ಸಂಪರ್ಕ ಖಾತ್ರಿ, ಇಲ್ಲಾಂದ್ರೆ ಲೆಕ್ಕಕ್ಕಿಲ್ಲ. ಡಿಎಕ್ಸ್‌ಸಿಸಿ ಪ್ರಶಸ್ತಿಗೆ ಹೀಗೆ ಖಾತ್ರಿಯಾದ 100 ದೇಶ-ಪ್ರದೇಶ ಬೇಕು. ನಮ್ಮ ಕರಾವಳಿಯಿಂದ ಬರೀ 400 ಕಿಲೋಮೀಟರ್ ಆಸುಪಾಸಿನ ಲಕ್ಷದ್ವೀಪವೂ (ವಿಯು7) ಆ ಪಟ್ಟಿಯಲ್ಲಿ ಭಾರತದಿಂದ ಬೇರೆಯೇ ಎಣಿಕೆ. ಅಲ್ಲಿಂದ ಯಾರಾದ್ರೂ ರೇಡಿಯೋ ಹಚ್ಚೋದೇ ಅಪರೂಪ. ಅಂಥ ಸಂಪರ್ಕ ಆಗಿದ್ದೂ ಟೂಲ್ ‘ಇಲ್ಲ’ ಅಂದ್ರೆ, ರಾತ್ರಿಯಿಡೀ ಕೂತವರಿಗೆ ಹೇಗಾಗ್ಬೇಕು?

ಮೊದಲನೇ ತೊಡಕು ಗಡಿಯಾರದ್ದು. ಹ್ಯಾಮ್ ಜಗತ್ತು ನಡೆಯೋದು ಯುಟಿಸಿಯಲ್ಲಿ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಗಂಗೊಳ್ಳಿ ಬಂದರಿನ ಕಡೆ ಇನ್ನೂ ಬೆಳಕು ಹರಿಯದ ಹೊತ್ತಿಗೆ 40 ಮೀಟರ್ ಬ್ಯಾಂಡ್ ದೂರದೂರಕ್ಕೆ ಮುಟ್ತದೆ. ಬಿಸಿಲೇರಿದ ಮೇಲೆ ಅಯಾನುಗೋಳದ ಡಿ ಪದರ ಈ ಅಲೆಗಳನ್ನು ನುಂಗೋಕೆ ಶುರು ಮಾಡ್ತದೆ. ಆದ್ರೆ ಆಗಸ್ಟ್ 2ರ ಬೆಳಗ್ಗೆ 5 ಗಂಟೆ ಅಂದ್ರೆ ಯುಟಿಸಿಯಲ್ಲಿ ಆಗಸ್ಟ್ 1ರ ರಾತ್ರಿ 11:30. ಅಂದ್ರೆ ಒಳ್ಳೆ ಸಂಪರ್ಕ ಸಿಗೋ ಹೊತ್ತಲ್ಲೇ ತಾರೀಕೂ ಬದಲಾಗ್ತದೆ. ಹಾಗಾಗಿ ನಮ್ಮ ಟೂಲ್ ಕೇಳಿದ ಹೊತ್ತಿಗೆ ಏನೂ ಸಿಗದಿದ್ರೆ ಐದೂವರೆ ಗಂಟೆ ಹಿಂದೆ ಮುಂದೆ ಸರಿಸಿ ಇನ್ನೊಮ್ಮೆ ನೋಡ್ತದೆ.

ಎರಡನೇದು ನಮಗೆ ಭಾರಿ ಇಷ್ಟವಾದ ಭಾಗ, ತಪ್ಪಾಗಿ ಕೇಳಿಸಿಕೊಂಡ ಕಾಲ್‌ಸೈನ್. ಎರಡು ಪದ ಎಷ್ಟು ಬೇರೆ ಅಂತ ಅಳೆಯೋಕೆ ಲೆವೆನ್‌ಸ್ಟೈನ್ ದೂರ ಇದೆ: ಒಂದನ್ನು ಇನ್ನೊಂದು ಮಾಡೋಕೆ ಎಷ್ಟು ಅಕ್ಷರ ಸೇರಿಸಬೇಕು, ತೆಗೀಬೇಕು, ಬದಲಿಸಬೇಕು ಅನ್ನೋ ಎಣಿಕೆ. ಅದರ ಲೆಕ್ಕದಲ್ಲಿ ಬಿ ಹೋಗಿ ಡಿ ಆದ್ರೂ ಒಂದು ತಪ್ಪು, ಬಿ ಹೋಗಿ ಓ ಆದ್ರೂ ಒಂದು ತಪ್ಪು. ಕಿವಿಯ ಲೆಕ್ಕ ಹಾಗಲ್ಲ ಮಾರ್ರೆ. ಮೋರ್ಸ್‌ನಲ್ಲಿ ಬಿ ಅಂದ್ರೆ ಒಂದು ಡ್ಯಾಶ್, ಮೂರು ಡಾಟ್. ಡಿ ಅಂದ್ರೆ ಒಂದು ಡ್ಯಾಶ್, ಎರಡು ಡಾಟ್. ಗದ್ದಲದಲ್ಲಿ ಒಂದು ಡಾಟ್ ಹಾರಿಹೋದ್ರೆ ಬಿ ಡಿ ಆಗ್ತದೆ, ಒಂದು ಹೆಚ್ಚು ಕೇಳಿಸಿದ್ರೆ ಅಂಕಿ 6 ಆಗ್ತದೆ. ಎಸ್, ಎಚ್, 5 ಇವು ಕ್ರಮವಾಗಿ ಮೂರು, ನಾಲ್ಕು, ಐದು ಡಾಟ್. ಓ ಮಾತ್ರ ಮೂರು ಡ್ಯಾಶ್, ಅದನ್ನು ಬಿ ಅಂತ ಕೇಳಿಸಿಕೊಳ್ಳೋದು ಕಷ್ಟ. ಆದ್ದರಿಂದ ಮೋರ್ಸ್ ಸಂಪರ್ಕಕ್ಕೆ ಅಕ್ಷರಗಳ ಬದಲು ಡಾಟ್-ಡ್ಯಾಶ್‌ಗಳ ಮೇಲೆ ದೂರ ಅಳೆಯಬೇಕು.

ಬಾಯಲ್ಲಿ ಹೇಳುವಾಗ ಗೊಂದಲ ಬೇರೆ. ಬಿ, ಡಿ, ಪಿ, ಟಿ ಎಲ್ಲ ಒಂದೇ ಪ್ರಾಸ. ಅದಕ್ಕೇ ಹ್ಯಾಮ್‌ಗಳು ‘ಬ್ರಾವೊ’, ‘ಡೆಲ್ಟಾ’ ಅನ್ನೋದು. ಎಫ್‌ಟಿ8ರಲ್ಲಂತೂ ಕಿವಿಗೆ ಕೆಲಸವೇ ಇಲ್ಲ. 2017ರಲ್ಲಿ ಬಂದ ಈ ಮೋಡ್ 15 ಸೆಕೆಂಡಿನ ಸರದಿಯಲ್ಲಿ ಸಂದೇಶ ಕಳಿಸ್ತದೆ. ಮಾಡಿದ್ದು ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್. ಟೇಲರ್ ಅಂದ್ರೆ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರೇ. ಪ್ರತಿ ಸಂದೇಶದ ಜೊತೆ 14 ಬಿಟ್‌ನ ಸಿಆರ್‌ಸಿ ಇರೋದ್ರಿಂದ ಬಂದ್ರೆ ಪೂರ್ತಿ ಸರಿಯಾಗಿ ಬರ್ತದೆ, ಇಲ್ಲಾಂದ್ರೆ ಸಾಮಾನ್ಯವಾಗಿ ಬರೋದೇ ಇಲ್ಲ. ಅಲ್ಲಿ ‘ಹತ್ತಿರದ ಕಾಲ್‌ಸೈನ್’ ತೋರಿಸೋದು ಅನಗತ್ಯ ಉಪಕಾರ. ಒಂದೇ ಫಜ್ಜಿ ಸರ್ಚನ್ನು ಎಲ್ಲ ಮೋಡ್‌ಗೂ ಹಚ್ಚೋದು ನಮಗೆ ಒಪ್ಪಿಗೆಯಿಲ್ಲ.

ಸಣ್ಣದೊಂದು ಉಪಾಯ. ಒಟ್ಟಿಗೆ ಹತ್ತು ಜನ ಕರೆಯುವಾಗ ಎಷ್ಟೋ ಸಲ ಕಾಲ್‌ಸೈನ್‌ನ ಬಾಲ ಮಾತ್ರ ಕೈಗೆ ಸಿಗ್ತದೆ. ಬಾಲದಿಂದ ಹುಡುಕೋಕೆ ಸಾಮಾನ್ಯ ಇಂಡೆಕ್ಸ್ ಉಪಯೋಗಕ್ಕೆ ಬರಲ್ಲ. ಕಾಲ್‌ಸೈನನ್ನು ತಿರುಗಿಸಿ ಬರೆದ ಇನ್ನೊಂದು ಕಾಲಮ್ ಇಟ್ಟು ಅದಕ್ಕೂ ಇಂಡೆಕ್ಸ್ ಹಾಕಿದ್ರೆ ಬಾಲವೇ ತಲೆ ಆಗ್ತದೆ.

ಇನ್ನು ಊರಿನ ಹೆಸರು. ಇಂಗ್ಲಿಷ್‌ನಲ್ಲಿ ಬರೆಯುವಾಗ ಕುಂದಾಪುರ, ಕುಂದಾಪುರ್, ಕೂಂಡಾಪೂರ್ ಎಲ್ಲ ಒಂದೇ ಊರು. ಬೈಂದೂರು, ಬ್ರಹ್ಮಾವರದ ಸ್ಪೆಲ್ಲಿಂಗ್ ಕಥೆಯೂ ಅಷ್ಟೇ. ಕನ್ನಡದಲ್ಲೇ ಬರೆಯೋಣ ಅಂದ್ರೆ, ಲಾಗ್‌ಗಳನ್ನು ಹಂಚಿಕೊಳ್ಳೋ ಎಡಿಐಎಫ್‌ನಲ್ಲಿ ಹೆಚ್ಚಿನವರು ಬಳಸೋ ಎಡಿಐ ಫೈಲ್ ಆಸ್ಕಿ ಅಕ್ಷರಗಳನ್ನಷ್ಟೇ ಒಪ್ತದೆ. ಕನ್ನಡಕ್ಕೆ ಅದರದ್ದೇ ಎಕ್ಸ್‌ಎಂಎಲ್ ರೂಪವಾದ ಎಡಿಎಕ್ಸ್ ಬೇಕು. ಹಾಗಾಗಿ ಮೇಡನ್‌ಹೆಡ್ ಲೊಕೇಟರ್ ಹಿಡಿಯೋದು ಲೇಸು. ಭೂಮಿಯನ್ನು ಚೌಕ ಮಾಡಿ ಹೆಸರಿಡೋ ಪದ್ಧತಿ ಅದು. ನಮ್ಮ ಮೂರೂ ತಾಲೂಕು ಕೇಂದ್ರಗಳು ಎಂಕೆ73ರಲ್ಲಿ ಬರ್ತವೆ, ಮಂಗಳೂರು ಎಂಕೆ72. ಆದ್ರೆ ಒಂದು ಚೌಕ 2 ಡಿಗ್ರಿ ಅಗಲ, 1 ಡಿಗ್ರಿ ಎತ್ತರ. ಘಟ್ಟ ಹತ್ತಿದ್ರೆ ಶಿವಮೊಗ್ಗವೂ ಚಿಕ್ಕಮಗಳೂರೂ ಅದೇ ಎಂಕೆ73! ಇನ್ನೆರಡು ಅಕ್ಷರ ಸೇರಿದ್ರೆ ಚೌಕ ಸುಮಾರು 9 ಕಿಲೋಮೀಟರ್ ಅಗಲ, 4.6 ಕಿಲೋಮೀಟರ್ ಎತ್ತರಕ್ಕೆ ಇಳೀತದೆ. ಬೈಂದೂರು ಪೇಟೆ ಆಗ ಎಂಕೆ73ಎಚ್‌ಯು.

ಇಷ್ಟೆಲ್ಲ ಸಡಿಲ ಬಿಟ್ಟ ಮೇಲೆ ಉಲ್ಟಾ ಅಪಾಯವೂ ಇದೆ. ಆಗದ ಸಂಪರ್ಕವನ್ನು ಟೂಲ್ ‘ಆಗಿದೆ’ ಅಂದುಬಿಟ್ರೆ? ‘ಇಲ್ಲ’ ಅಂತ ತಪ್ಪು ಹೇಳಿದ್ರೆ ಇನ್ನೊಮ್ಮೆ ಹುಡುಕಬಹುದು. ‘ಇದೆ’ ಅಂತ ತಪ್ಪು ಹೇಳಿದ್ರೆ ಮತ್ತೆ ಯಾರೂ ತೆರೆದು ನೋಡೋದಿಲ್ಲ. ಅದಕ್ಕೆ ನಮ್ಮ ಟೂಲ್‌ಗೆ ಮೂರು ಉತ್ತರ ಇಟ್ಟಿದ್ದೇವೆ: ಇದೆ, ಇರಬಹುದು, ಇಲ್ಲ. ‘ಇರಬಹುದು’ ಅಂದಾಗ ಕಾರಣವೂ ಪಕ್ಕದಲ್ಲೇ ಕಾಣ್ತದೆ: ‘ಒಂದು ಡಾಟ್ ವ್ಯತ್ಯಾಸ’, ‘ಐದೂವರೆ ಗಂಟೆ ವ್ಯತ್ಯಾಸ’. ಮೂಲ ಸಾಲನ್ನು ಟೂಲ್ ಮುಟ್ಟೋದಿಲ್ಲ. ತಿದ್ದುಪಡಿಗೆ ಬೇರೆಯೇ ಟೇಬಲ್ ಇದೆ. ಯಾರು, ಯಾವತ್ತು, ಯಾಕೆ ತಿದ್ದಿದ್ರು ಅಂತ ಬರೆಯದೆ ಅದರೊಳಗೆ ಒಂದು ಸಾಲೂ ಸೇರೋದಿಲ್ಲ.