ಮಾಲೆ ಮತ್ತು ಮುಖಚಿತ್ರ: ಕನ್ನಡ ಬೋಧಕರ ಜಾಲತಾಣ ಸಂಗ್ರಹಗಳ ವಿನ್ಯಾಸವನ್ನು ಕುರಿತು

೧

ಕನ್ನಡ ಪ್ರಕಟಣಾ ಲೋಕಕ್ಕೆ ‘ಮಾಲೆ’ ಎಂಬ ಪರಿಕಲ್ಪನೆ ಹೊಸದಲ್ಲ. ನಂಜನಗೂಡು ತಿರುಮಲಾಂಬ ಅವರು ೧೯೧೩ರಲ್ಲಿ ಆರಂಭಿಸಿದ ಸತೀಹಿತೈಷಿಣೀ ಗ್ರಂಥಮಾಲೆ, ಜಿ.ಬಿ. ಜೋಶಿ ಅವರು ೧೯೩೩ರಲ್ಲಿ ಧಾರವಾಡದಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಮೊದಲಾದವು ಬಿಡಿ ಪುಸ್ತಕಗಳನ್ನು ಒಂದು ಹೆಸರಿನಡಿ ಪೋಣಿಸಿ ಓದುಗರ ಮುಂದಿಟ್ಟವು. ಮಾಲೆಯ ಪುಸ್ತಕವೊಂದನ್ನು ಕೈಗೆತ್ತಿಕೊಂಡವರಿಗೆ ಎರಡು ಸಂಗತಿಗಳು ಏಕಕಾಲಕ್ಕೆ ತಿಳಿಯಬೇಕಾಗುತ್ತದೆ. ಇದು ಯಾವ ಕುಟುಂಬಕ್ಕೆ ಸೇರಿದ್ದು ಎಂಬುದು ಒಂದು. ಆ ಕುಟುಂಬದಲ್ಲಿ ಇದು ಯಾವುದು ಎಂಬುದು ಇನ್ನೊಂದು. ಸಾಮಾಜಿಕ ಜಾಲತಾಣದಲ್ಲಿ ಪಾಠದ ಸಾಮಗ್ರಿಯನ್ನು ಸಂಗ್ರಹಿಸಿಡುವ ಬೋಧಕನ ಮುಂದಿರುವ ಸಮಸ್ಯೆಯೂ ಇದೇ ಆಗಿದೆ.

ಇನ್‌ಸ್ಟಾಗ್ರಾಮ್‌ನಲ್ಲಿ ‘ಸ್ಟೋರಿ’ಯಾಗಿ ಹಾಕಿದ ಚಿತ್ರ ಅಥವಾ ದೃಶ್ಯ ೨೪ ಗಂಟೆಗಳ ಅನಂತರ ಮರೆಯಾಗುತ್ತದೆ. ೨೦೧೭ರ ಡಿಸೆಂಬರ್‌ನಲ್ಲಿ ಬಂದ ‘ಹೈಲೈಟ್’ ಸೌಲಭ್ಯದಿಂದ ಹೀಗೆ ಮರೆಯಾಗುವ ತುಣುಕುಗಳನ್ನು ವಿಷಯವಾರು ಗುಂಪು ಮಾಡಿ ಉಳಿಸಿಕೊಳ್ಳಲು ಸಾಧ್ಯವಾಯಿತು. ಪ್ರತಿಯೊಂದು ಗುಂಪಿಗೂ ಒಂದು ವೃತ್ತಾಕಾರದ ಮುಖಚಿತ್ರ, ಅದರ ಕೆಳಗೆ ಒಂದು ಚಿಕ್ಕ ಹೆಸರು. ಸ್ನಾತಕ ತರಗತಿಗಳಿಗೆ ಕನ್ನಡ ಬೋಧಿಸುವ ನಾನು ಶಾಸನ, ಹಳಗನ್ನಡ, ಛಂದಸ್ಸು, ವಚನ, ಜನಪದ, ಮಹಿಳಾ ಸಾಹಿತ್ಯ, ನವೋದಯ, ದಲಿತ-ಬಂಡಾಯ ಎಂಬ ಎಂಟು ಸಂಗ್ರಹಗಳನ್ನು ಮಾಡಿದ್ದೇನೆ. ಅವುಗಳಿಗೆ ಒಂದಕ್ಕೊಂದು ಹೊಂದುವ ಮುಖಚಿತ್ರಗಳನ್ನು ರೂಪಿಸುವಾಗ ಎದುರಾದ ಪ್ರಶ್ನೆಗಳೇ ಪ್ರಸ್ತುತ ಲೇಖನದ ವಸ್ತು. ಇದನ್ನು ಅಲಂಕಾರದ ಕೆಲಸವೆಂದು ಭಾವಿಸಿಯೇ ನಾನೂ ತೊಡಗಿದ್ದೆ. ಆದರೆ ಸಾಹಿತ್ಯ ಚರಿತ್ರೆಯನ್ನು ಎಂಟು ಚಿಹ್ನೆಗಳಿಗೆ ಇಳಿಸುವುದೆಂದರೆ ಎಂಟು ವಿಮರ್ಶಾತ್ಮಕ ನಿರ್ಣಯಗಳನ್ನು ಕೈಗೊಂಡಂತೆ ಎಂಬುದು ತಡವಾಗಿ ಅರಿವಾಯಿತು.

೨

ಅರಿವಾದ ಸಂದರ್ಭವನ್ನು ಇಲ್ಲಿ ದಾಖಲಿಸುವುದು ಅಗತ್ಯ. ಹಳಗನ್ನಡ ಸಂಗ್ರಹಕ್ಕೆ ನಾನು ಮೊದಲು ಬಳಸಿದ್ದು ಪಂಪನದೆಂದು ಪ್ರಚಾರದಲ್ಲಿರುವ ಒಂದು ವರ್ಣಚಿತ್ರವನ್ನು. ಆ ವರ್ಷದ ನಿಯೋಜಿತ ಕಾರ್ಯದಲ್ಲಿ ವಿದ್ಯಾರ್ಥಿನಿಯೊಬ್ಬಳು ಅದೇ ಚಿತ್ರವನ್ನು ಅಂಟಿಸಿ, ಕೆಳಗೆ ‘ಪಂಪನ ಭಾವಚಿತ್ರ’ ಎಂದು ಬರೆದು, ಕವಿಯ ವೇಷಭೂಷಣದಿಂದ ಹತ್ತನೆಯ ಶತಮಾನದ ಆಸ್ಥಾನ ಜೀವನವನ್ನು ಒಂದು ಪುಟದಷ್ಟು ವಿವರಿಸಿದ್ದಳು. ಆಕರ ಎಂಬಲ್ಲಿ ನನ್ನ ಪುಟದ ಹೆಸರಿತ್ತು. ತಪ್ಪು ಆಕೆಯದಾಗಿರಲಿಲ್ಲ. ಪಂಪನ ಸಮಕಾಲೀನ ಭಾವಚಿತ್ರ ಯಾವುದೂ ಉಳಿದು ಬಂದಿಲ್ಲ. ನಮಗೆ ಪರಿಚಿತವಾದ ಮುಖ ಆಧುನಿಕ ಕಲಾವಿದರ ಕಲ್ಪನೆ. ಪಂಪಭಾರತದ ಕಾಲ, ಪಾಠಾಂತರಗಳ ಬಗೆಗೆ ತರಗತಿಯಲ್ಲಿ ಅಷ್ಟೊಂದು ಎಚ್ಚರದಿಂದ ಮಾತನಾಡುವ ನಾವು ಚಿತ್ರದ ವಿಷಯದಲ್ಲಿ ಮಾತ್ರ ಆಕರ ವಿಮರ್ಶೆಯನ್ನು ಕೈಬಿಡುತ್ತೇವೆ. ಮುಖಚಿತ್ರವಾದಾಗ ಈ ಅಪಾಯ ಇಮ್ಮಡಿಸುತ್ತದೆ, ಏಕೆಂದರೆ ವೃತ್ತದೊಳಗೆ ಅಡಿಟಿಪ್ಪಣಿಗೆ ಸ್ಥಳವಿಲ್ಲ.

ಪಂಪನ ಬಗೆಗೆ ಗಟ್ಟಿಯಾದ ಆಕರವೊಂದು ಇದ್ದೇ ಇದೆ. ತೆಲಂಗಾಣದ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದ ಮೇಲೆ ಅವನ ತಮ್ಮ ಜಿನವಲ್ಲಭ ಬರೆಯಿಸಿದ ಶಾಸನ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿದೆ. ಅದರ ಛಾಯಾಚಿತ್ರವನ್ನೇ ಮುಖಚಿತ್ರ ಮಾಡೋಣವೆಂದು ಪ್ರಯತ್ನಿಸಿದೆ. ಬಂಡೆ ದೊಡ್ಡದು, ವೃತ್ತ ಚಿಕ್ಕದು. ಮೊಬೈಲಿನಲ್ಲಿ ಅದು ಬೂದು ಬಣ್ಣದ ಕಲೆಯಂತೆ ಕಂಡಿತು. ಕೊನೆಗೆ ಆ ಚಿತ್ರವನ್ನು ವಿವರಣೆಯೊಡನೆ ಸಂಗ್ರಹದ ಒಳಗಿನ ಮೊದಲ ತುಣುಕಾಗಿ ಇರಿಸಿ, ಮುಖಚಿತ್ರಕ್ಕೆ ‘ೞ’ ಎಂಬ ಒಂದೇ ಅಕ್ಷರವನ್ನು ಆರಿಸಿಕೊಂಡೆ. ‘ಪೞಗನ್ನಡ’ದ ನಡುವೆಯೇ ನಿಂತಿರುವ, ಇಂದು ಬಳಕೆಯಲ್ಲಿಲ್ಲದ ಈ ವರ್ಣ ಹಳಗನ್ನಡಕ್ಕೆ ಯಾವ ಕಿರೀಟಧಾರಿಗಿಂತಲೂ ಸಮರ್ಥ ಪ್ರತಿನಿಧಿ ಎಂದು ನನ್ನ ಅಭಿಪ್ರಾಯ. (ಪ್ರಾಸಂಗಿಕವಾಗಿ ಹೇಳುವುದಾದರೆ, ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ‘ಫ’ ಎಂದು ತಪ್ಪಾಗಿ ಹೆಸರಿಡಲಾಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮವಾದ್ದರಿಂದ ತಪ್ಪು ಹಾಗೆಯೇ ಉಳಿದಿದೆ. ರೇಫ, ಱಕಾರ, ೞಕಾರಗಳ ಚರ್ಚೆಯಲ್ಲಿ ಕೂದಲು ಸೀಳುವ ನಮ್ಮ ವೈಯಾಕರಣರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!)

೩

ಅಕ್ಷರದ ಪ್ರಶ್ನೆಯನ್ನು ಇಲ್ಲಿಯೇ ಮುಂದುವರಿಸಬಹುದು. ಮೊಬೈಲ್ ಪರದೆಯ ಮೇಲೆ ಹೈಲೈಟ್‌ನ ವೃತ್ತ ಒಂದು ರೂಪಾಯಿಯ ನಾಣ್ಯಕ್ಕಿಂತ ಚಿಕ್ಕದು. ನಾವು ೧೦೮೦ × ೧೯೨೦ ಬಿಂದುಗಳ ಲಂಬ ಚಿತ್ರವನ್ನು ಗಣಕದ ದೊಡ್ಡ ಪರದೆಯಲ್ಲಿ ರೂಪಿಸುತ್ತೇವೆ. ವಿದ್ಯಾರ್ಥಿ ನೋಡುವುದು ಅದರ ನಡುವಿನ ಒಂದು ಬಿಲ್ಲೆಯನ್ನು ಮಾತ್ರ. ರೋಮನ್ ಲಿಪಿಗೆಂದು ಸಿದ್ಧಪಡಿಸಿದ ಮಾದರಿಗಳಲ್ಲಿ ಪದವೊಂದನ್ನು ವೃತ್ತದೊಳಗೆ ಬರೆಯುವುದು ರೂಢಿ. ಕನ್ನಡದಲ್ಲಿ ಇದು ಸುಲಭವಲ್ಲ. ನಮ್ಮ ಲಿಪಿ ಅಡ್ಡಲಾಗಿ ಮಾತ್ರವಲ್ಲ, ಮೇಲಕ್ಕೂ ಕೆಳಕ್ಕೂ ಬೆಳೆಯುತ್ತದೆ. ಗುಣಿತದ ಚಿಹ್ನೆಗಳಿಗೆ ಮೇಲೆ, ಒತ್ತಕ್ಷರಗಳಿಗೆ ಕೆಳಗೆ ಸ್ಥಳ ಬಿಡಬೇಕು. ಹಾಗಾಗಿ ಮೂಲಾಕ್ಷರದ ಗಾತ್ರ ಕುಗ್ಗುತ್ತದೆ.

‘ಛಂದಸ್ಸು’ ಎಂಬ ಪದವನ್ನೇ ಪರಿಶೀಲಿಸೋಣ. ಚಕಾರವನ್ನು ಛಕಾರದಿಂದ ಬೇರ್ಪಡಿಸುವುದು ಕೆಳಗಿನ ಒಂದು ಚಿಕ್ಕ ಸೀಳು. ದ-ಧ, ಡ-ಢ, ಬ-ಭ ಜೋಡಿಗಳ ವಿಷಯವೂ ಇದೇ. ಅಕ್ಷರವನ್ನು ದಪ್ಪಗೊಳಿಸಿದಷ್ಟೂ ಎದ್ದು ಕಾಣುತ್ತದೆಂಬ ನಂಬಿಕೆಯಿಂದ ನಾನು ಅತ್ಯಂತ ದಪ್ಪನೆಯ ಅಚ್ಚನ್ನು ಆರಿಸಿದ್ದೆ. ಚಿಕ್ಕ ಗಾತ್ರದಲ್ಲಿ ಸೀಳು ಮುಚ್ಚಿಹೋಯಿತು, ಸಕಾರದ ಒತ್ತು ವೃತ್ತದ ಅಂಚಿಗೆ ತಗುಲಿ ಕತ್ತರಿಸಿತು. ಛಂದಸ್ಸನ್ನು ಕಲಿಸುವ ಪುಟದಲ್ಲಿ ‘ಚಂದಸು’ ಎಂಬ ಫಲಕ! ಮಧ್ಯಮ ದಪ್ಪದ ನೋಟೋ ಸ್ಯಾನ್ಸ್ ಕನ್ನಡದಂತಹ ಅಚ್ಚಿನಲ್ಲಿ ಈ ತೊಡಕು ಕಡಿಮೆ, ಆದರೆ ಇಲ್ಲವೆನ್ನುವಂತಿಲ್ಲ. ಆದ್ದರಿಂದ ವೃತ್ತದೊಳಗೆ ಪದವನ್ನು ಬರೆಯುವುದನ್ನೇ ಬಿಟ್ಟು, ಲಘು-ಗುರುಗಳ ಪ್ರಸ್ತಾರ ಚಿಹ್ನೆಗಳನ್ನು ಇರಿಸಿದೆ. ಪ್ರಸ್ತಾರ ಹಾಕಿ ಅಭ್ಯಾಸವಿರುವ ವಿದ್ಯಾರ್ಥಿಗೆ ಅದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿ ಒಳಗಿನ ಪಾಠವಾಗಿ ಬಂದಿದೆ.

ವೃತ್ತದ ಕೆಳಗಿನ ಹೆಸರನ್ನಾದರೂ ಕನ್ನಡದಲ್ಲಿ, ಯೂನಿಕೋಡ್‌ನಲ್ಲಿ ಟೈಪಿಸುವುದು ಕಡ್ಡಾಯವೆಂದು ನಾನು ಭಾವಿಸುತ್ತೇನೆ. ಚಿತ್ರದೊಳಗಿನ ಬರಹ ಪರದೆಯೋದುಗ ತಂತ್ರಾಂಶದ ಪಾಲಿಗೆ ಕೇವಲ ಬಣ್ಣ. ದೃಷ್ಟಿಹೀನ ವಿದ್ಯಾರ್ಥಿಗಳಿಗೆ ಕೇಳಿಸುವುದು ಟೈಪಿಸಿದ ಹೆಸರು ಮಾತ್ರ. ಅಲ್ಲಿಯೂ ಒಂದು ಇಕ್ಕಟ್ಟಿದೆ. ಹೆಸರಿನ ಉದ್ದಕ್ಕೆ ಮಿತಿಯಿದ್ದು, ಗಣಕದ ಲೆಕ್ಕ ನಮ್ಮ ಅಕ್ಷರದ ಲೆಕ್ಕವಲ್ಲ. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಚಿಹ್ನೆ ಎಂದು ಆರು ಸಂಕೇತಗಳು. ಸಂಯುಕ್ತಾಕ್ಷರಗಳಿಂದ ತುಂಬಿದ ಶೀರ್ಷಿಕೆ ನಡುವೆಯೇ ತುಂಡಾಗುವುದು ಇದರಿಂದಲೇ. ಇನ್ನು ಹಳೆಯ ಚಿತ್ರ ಸಂಪಾದನಾ ತಂತ್ರಾಂಶಗಳಲ್ಲಿ ಒತ್ತುಗಳು ಚದುರಿ ಅರ್ಕಾವತ್ತು ಅಸ್ಥಾನದಲ್ಲಿ ಕೂರುವ ಪಾಡು ಎಲ್ಲರಿಗೂ ಪರಿಚಿತ. ಫೋಟೋಶಾಪ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗಾಗಿ ಇರುವ ಪಠ್ಯ ಸಂಯೋಜಕವನ್ನು ಆರಿಸಿಕೊಂಡರೆ ಅದು ಸರಿಹೋಗುತ್ತದೆ.

೪

ಹೊಂದಾಣಿಕೆ ಎಂದರೆ ಏಕರೂಪತೆಯಲ್ಲ. ಆರಂಭದಲ್ಲಿ ನಾನು ಬಣ್ಣ, ಅಚ್ಚು, ಅಂಚು, ಚಿತ್ರ ಎಲ್ಲವನ್ನೂ ಸಂಗ್ರಹದಿಂದ ಸಂಗ್ರಹಕ್ಕೆ ಬದಲಿಸಿದ್ದೆ, ಜಾತ್ರೆಯ ಅಂಗಡಿಯಂತಾಯಿತು. ಅನಂತರ ಎಲ್ಲವನ್ನೂ ಒಂದೇ ಮಾಡಿದೆ. ಯಾವುದು ಯಾವುದೆಂದು ತಿಳಿಯದಾಯಿತು. ಈಗ ಎಂಟಕ್ಕೂ ಹಿನ್ನೆಲೆಯ ಬಣ್ಣ ಒಂದೇ ಕಡುನೀಲಿ, ಒಂದೇ ತೆಳು ಬಳೆ, ಒಂದೇ ದಪ್ಪದ ಬಿಳಿಗೆರೆ. ಬದಲಾಗುವುದು ನಡುವಿನ ಗುರುತೊಂದೇ. ಕಡುನೀಲಿಯ ಮೇಲಿನ ಬಿಳಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ವಿಶ್ವ ಜಾಲ ಒಕ್ಕೂಟದ ಮಾರ್ಗಸೂಚಿಯಂತೆ ಸಾಮಾನ್ಯ ಗಾತ್ರದ ಬರಹಕ್ಕೂ ಹಿನ್ನೆಲೆಗೂ ಕನಿಷ್ಠ ೪.೫:೧ರ ಬೆಳಕಿನ ಅಂತರವಿರಬೇಕು. ನನ್ನ ಮೊದಲ ಆಯ್ಕೆಯಾದ ತಿಳಿಹಳದಿ-ಬಿಳಿ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಇದೇ ಮಾಲೆಯನ್ನು ಯೂಟ್ಯೂಬ್‌ಗೆ ಒಯ್ಯುವಾಗ ಚಿತ್ರ ೧೬:೯ರ ಆಯತವಾಗುತ್ತದೆ. ಬಲಗಡೆಯ ಕೆಳಮೂಲೆಯನ್ನು ಅವಧಿಯ ಅಂಕಿಗಳು ಮುಚ್ಚುವುದರಿಂದ ಅಲ್ಲಿ ಏನನ್ನೂ ಇಡಬಾರದು.

ಗೆರೆಚಿತ್ರಗಳನ್ನು ನಾನೇ ಬರೆದುಕೊಂಡದ್ದಕ್ಕೆ ಕೃತಿಸ್ವಾಮ್ಯವೂ ಒಂದು ಕಾರಣ. ೧೯೫೭ರ ಕಾಯಿದೆಯಂತೆ ಲೇಖಕರ ಕೃತಿಗಳ ಹಕ್ಕು ಅವರ ಮರಣಾನಂತರ ೬೦ ವರ್ಷ ಉಳಿಯುತ್ತದೆ. ೧೯೪೬ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು ೨೦೦೭ರಿಂದ ಮುಕ್ತವಾಗಿವೆ. ಆದರೆ ಕವಿಯ ಛಾಯಾಚಿತ್ರದ ಹಕ್ಕು ಬೇರೆಯೇ ಆಗಿದ್ದು, ೨೦೧೨ರ ತಿದ್ದುಪಡಿಯವರೆಗೆ ಅದರ ಅವಧಿ ಚಿತ್ರ ಪ್ರಕಟವಾದ ವರ್ಷವನ್ನು ಆಧರಿಸಿ ಎಣಿಕೆಯಾಗುತ್ತಿತ್ತು, ಈಗ ಛಾಯಾಗ್ರಾಹಕರ ಮರಣವನ್ನು ಆಧರಿಸಿ ಎಣಿಕೆಯಾಗುತ್ತದೆ. ಕವನ ಮುಕ್ತವಾಯಿತೆಂದು ಚಿತ್ರವೂ ಮುಕ್ತವೆಂದು ತಿಳಿಯುವುದು ನಮ್ಮಲ್ಲಿ ಸಾಮಾನ್ಯವಾಗಿರುವ ತಪ್ಪು. ವಿಕಿಮೀಡಿಯ ಕಾಮನ್ಸ್‌ನಿಂದ ಪಡೆದ ಚಿತ್ರಕ್ಕೂ ಬಹುಮಟ್ಟಿಗೆ ಛಾಯಾಗ್ರಾಹಕರ ಹೆಸರನ್ನೂ ಪರವಾನಗಿಯನ್ನೂ ನಮೂದಿಸಬೇಕು. ಅದಕ್ಕೆ ಸಂಗ್ರಹದ ಮೊದಲ ತುಣುಕು ಸೂಕ್ತವಾದ ಸ್ಥಳ. ನವೋದಯಕ್ಕೆ ಲೇಖನಿಯ ನಿಬ್ಬು, ವಚನಕ್ಕೆ ದಾರದ ರಂಧ್ರವಿರುವ ಓಲೆಗರಿ ಬಂದವು. ವಚನದ ಓಲೆಗರಿಗಳು ಹನ್ನೆರಡನೆಯ ಶತಮಾನದವಲ್ಲ, ತರುವಾಯದ ಪ್ರತಿಗಳು ಎಂಬ ಮಾತನ್ನೂ ಒಳಗೆ ಸೇರಿಸಿದ್ದೇನೆ. ಶಾಸನಕ್ಕೆ ಹಲ್ಮಿಡಿ ಕಂಬದ ಮೇಲ್ತುದಿಯ ಚಕ್ರ ಒದಗಿತು.

೫

ಉಳಿದ ಮೂರು ಸಂಗ್ರಹಗಳೇ ಹೆಚ್ಚು ಕಷ್ಟ ಕೊಟ್ಟವು. ಜನಪದಕ್ಕೆ ಯಕ್ಷಗಾನದ ಕಿರೀಟವನ್ನು ಹಾಕುವುದು ಇಂದು ಯಾಂತ್ರಿಕ ಅಭ್ಯಾಸವಾಗಿದೆ. ಒಂದು ಪ್ರದೇಶದ ರಂಗಪ್ರಕಾರ ನಾಡಿನ ಎಲ್ಲ ಮೌಖಿಕ ಪರಂಪರೆಗಳ ಪರವಾಗಿ ನಿಲ್ಲಬೇಕೇಕೆ? ನನ್ನ ಪಠ್ಯದಲ್ಲಿದ್ದುದು ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ ಮತ್ತು ದೇವರಗುಡ್ಡರು ಹಾಡುವ ಮಾದೇಶ್ವರ ಕಾವ್ಯ. ಹೀಗಾಗಿ ಒಂದು ಜೊತೆ ಕಂಸಾಳೆಯ ಗೆರೆಚಿತ್ರ ಸಾಕೆನಿಸಿತು. ಮಹಿಳಾ ಸಾಹಿತ್ಯಕ್ಕೆ ಮೊದಲು ಗುಲಾಬಿ ಬಣ್ಣ ಮತ್ತು ಹೂವನ್ನು ಇಟ್ಟಿದ್ದೆನೆಂದು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ. ತಿರುಮಲಾಂಬ ಅವರು ಕಾದಂಬರಿಗಾರ್ತಿ ಮಾತ್ರವಲ್ಲ, ಪ್ರಕಾಶಕಿಯೂ ಪತ್ರಿಕಾ ಸಂಪಾದಕಿಯೂ ಆಗಿದ್ದವರು. ಆ ಕಾರಣದಿಂದ ಈಗ ಅಲ್ಲೊಂದು ಅಚ್ಚಿನ ಮೊಳೆಯಿದೆ. ‘ಇದೇನು ಸರ್?’ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕೇಳಿದಾಗ ಮೊಳೆ ಜೋಡಿಸುವ ಕೆಲಸದಿಂದಲೇ ಪಾಠ ಆರಂಭವಾಗುತ್ತದೆ.

ದಲಿತ-ಬಂಡಾಯ ಸಂಗ್ರಹದ ಬಗೆಗೆ ತರಗತಿಯಲ್ಲಿಯೇ ಸಲಹೆ ಕೇಳಿದೆ. ಬಿಗಿದ ಮುಷ್ಟಿ ಎಂದರು ಕೆಲವರು. ಹೆಚ್ಚಿನವರು ತಮಟೆ ಎಂದರು. ಹೋರಾಟದ ಹಾಡುಗಳೊಡನೆ ಬೆಳೆದ ವಾದ್ಯವಾದ್ದರಿಂದ ನನಗೂ ಅದೇ ಒಪ್ಪಿಗೆಯಾಗಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ನಮ್ಮ ತಾತ ಅದನ್ನು ಬಾರಿಸಿದ್ದು ಊರವರ ಬಿಟ್ಟಿ ಚಾಕರಿಗೆ ಸರ್, ನಮ್ಮಪ್ಪ ಅದನ್ನು ಅಟ್ಟಕ್ಕೆ ಹಾಕಿದರು’ ಎಂದ. ಅವನ ಪಕ್ಕದಲ್ಲಿದ್ದ, ಅದೇ ಕೇರಿಯ ಇನ್ನೊಬ್ಬ ಒಪ್ಪಲಿಲ್ಲ. ಅಟ್ಟದಿಂದ ಇಳಿಸಿ ಬಾರಿಸಿದ್ದರಿಂದಲೇ ನಾವಿಲ್ಲಿ ಕುಳಿತಿದ್ದೇವೆ ಎಂಬುದು ಅವನ ವಾದ. ಗಂಟೆ ಬಾರಿಸಿದ ಮೇಲೆಯೂ ಮಾತು ಮುಗಿಯಲಿಲ್ಲ. ಎರಡು ಸೆಮಿಸ್ಟರ್‌ಗಳು ಕಳೆದಿವೆ. ಆ ವೃತ್ತದಲ್ಲಿ ಸದ್ಯಕ್ಕೆ ಕಡುನೀಲಿ ಹಿನ್ನೆಲೆ ಮತ್ತು ತೆಳು ಬಳೆ ಮಾತ್ರ ಇವೆ. ಗುರುತಿನ ಜಾಗ ಖಾಲಿಯಾಗಿದೆ, ಕೆಳಗೆ ಹೆಸರಿದೆ.