ಬಹುಮತವೂ ಮುಳುಗಡೆಯ ಊರುಗಳೂ

'ಪ್ರಜಾ' ಶಬ್ದಕ್ಕೆ ಸಂತತಿಯೆಂಬ ಅರ್ಥವೂ ಉಂಟು. ಮಕ್ಕಳ ಎಣಿಕೆ ಹಿಡಿದು ಅನ್ನವಿಕ್ಕುವ ತಾಯಿಯಿಲ್ಲ. ರಾಜ್ಯಾಡಳಿತಕ್ಕಾದರೋ ಎಣಿಕೆ ಬೇಕು; ಬಹುಮತವಿಲ್ಲದೆ ಶಾಸನಸಭೆ ನಡೆಯದು. ಆದರೆ ಅಲ್ಪರ ಗತಿಯೇನು?

ಪೌರನೀತಿಯ ಈ ಪಾಠಕ್ಕೆ ಸಾಗರ ಸೀಮೆಯಲ್ಲಿಯೇ ನಿದರ್ಶನವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ವಿದ್ಯುತ್ತು ನಾಡನ್ನು ಬೆಳಗಿತು. ಕಣಿವೆಯ ಜನರ ಗದ್ದೆ, ತೋಟ, ಗುಡಿಗಳು ನೀರೊಳಗಾದುವು. ಆಗ ಆಸ್ತಿಯು ಸಂವಿಧಾನದಂತೆ ಮೂಲಭೂತ ಹಕ್ಕೇ ಆಗಿದ್ದಿತು. ಹಕ್ಕು ಪರಿಹಾರಧನವನ್ನು ಕೊಡಿಸೀತು, ಊರನ್ನು ಕೊಡಿಸಲಾರದು. ಯೋಜನೆ ಬೇಡವಾಗಿತ್ತೆಂದು ನಾನು ಹೇಳಲಾರೆ. ನೆಲೆಗೊಳಿಸಿದ ಅರಣ್ಯಭೂಮಿಗೆ ಹಕ್ಕುಪತ್ರ ಕೇಳುತ್ತ ಅನೇಕ ಕುಟುಂಬಗಳಲ್ಲಿ ಮೊಮ್ಮಕ್ಕಳ ಕಾಲ ಬಂದಿತಲ್ಲ, ಅದು ಸಲ್ಲದು. ತುಮರಿ ಭಾಗದವರಿಗೆ ಹಿನ್ನೀರಿನ ಮೇಲೆ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅಲ್ಲಿಯವರೆಗೆ ಸಾಗರಕ್ಕೆ ಬರಲು ಲಾಂಚು, ಇಲ್ಲವೇ ಬಳಸುದಾರಿ.