ಪಿಸ್ತೂಲಿನ ಹಿಡಿಯ ತಿರುಪು ಏಕೆ ಸಡಿಲುತ್ತದೆ?

ಬಿಗಿದ ತಿರುಪು ತಾನಾಗಿಯೇ ಸಡಿಲುವುದು ನಮ್ಮ ನಿತ್ಯಾನುಭವದ ಸಂಗತಿ. ಕಡೂರಿನ ತೆಂಗಿನ ತೋಟದಲ್ಲಿ ನೀರೆತ್ತುವ ಪಂಪಿನ ಬುಡದ ಬೋಲ್ಟು, ಅಜ್ಜಂಪುರದ ಹೊಲದಲ್ಲಿ ಓಡುವ ಟ್ರ್ಯಾಕ್ಟರಿನ ನಟ್ಟು, ತರೀಕೆರೆಯ ಮೂಲಕ ಹಾಯುವ ರೈಲುಹಳಿಯ ಸಂದಿನ ಬೋಲ್ಟು, ಇವೆಲ್ಲವೂ ಒಂದೇ ರೋಗಕ್ಕೆ ತುತ್ತಾಗುತ್ತವೆ. ಈ ರೋಗದ ಲಕ್ಷಣಗಳು ಅತ್ಯಂತ ಸ್ಪಷ್ಟವಾಗಿ ಗೋಚರಿಸುವ ಪುಟ್ಟ ಉದಾಹರಣೆಯೊಂದುಂಟು. ಪಿಸ್ತೂಲಿನ ಹಿಡಿಯ ಎರಡು ಮಗ್ಗುಲಿಗೂ ಮರದ ಹಲಗೆಗಳನ್ನು ಬಿಗಿದಿರುವ ಸಣ್ಣ ತಿರುಪುಗಳೇ ಅವು. ಪರವಾನಗಿ ಹೊಂದಿದವರಿಗೂ ಪೊಲೀಸರಿಗೂ ಗುರಿಕಾರಿಕೆಯ ಕ್ರೀಡಾಪಟುಗಳಿಗೂ ಅವುಗಳ ಕಾಟ ಚೆನ್ನಾಗಿ ಪರಿಚಿತ.

ಇದನ್ನು ಅಲ್ಪ ಸಂಗತಿಯೆಂದು ತಳ್ಳಿಬಿಡುವಂತಿಲ್ಲ. 25 ಮೀಟರ್ ಪಿಸ್ತೂಲು ಸ್ಪರ್ಧೆಯ ನಿಖರತೆಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 50 ಮಿಲಿಮೀಟರ್ ಮಾತ್ರ. ಸಡಿಲಾದ ಹಿಡಿ ಕೈಯಲ್ಲಿ ಅಲುಗಿ, ನಳಿಗೆಯು ಒಂದು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ಓರೆಯಾದರೂ ಗುಂಡು ಸುಮಾರು 44 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ವೃತ್ತದ ನಡುವಿಗೆ ಗುರಿಯಿಟ್ಟಿದ್ದರೂ ಗುಂಡು ವೃತ್ತದಾಚೆಗೆ ಬೀಳುತ್ತದೆ.

ಮೊದಲು, ತಿರುಪು ಬಿಗಿಯಾಗಿ ನಿಲ್ಲುವುದಾದರೂ ಹೇಗೆ ಎಂಬುದನ್ನು ನೋಡೋಣ. ಕಾಗದದಿಂದ ಲಂಬಕೋನ ತ್ರಿಭುಜವೊಂದನ್ನು ಕತ್ತರಿಸಿ ಪೆನ್ಸಿಲಿಗೆ ಸುತ್ತಿದರೆ, ಅದರ ಓರೆ ಅಂಚು ತಿರುಪಿನ ಸುತ್ತಿನಂತೆ ತೋರುತ್ತದೆ. ಅಂದರೆ, ತಿರುಪೆಂಬುದು ಕಂಬಕ್ಕೆ ಸುತ್ತಿದ ಇಳಿಜಾರು. 4 ಮಿಲಿಮೀಟರ್ ವ್ಯಾಸದ ಸಾಮಾನ್ಯ ತಿರುಪಿನಲ್ಲಿ ಒಂದು ಸುತ್ತಿಗೆ 0.7 ಮಿಲಿಮೀಟರ್ ಏರಿಕೆಯಿರುತ್ತದೆ. ಲೆಕ್ಕ ಹಾಕಿದರೆ ಇಳಿಜಾರಿನ ಕೋನ ಸುಮಾರು 3.6 ಡಿಗ್ರಿ. ಉಕ್ಕಿನ ಮೇಲೆ ಉಕ್ಕಿನ ಘರ್ಷಣಾಂಕ 0.15 ಎಂದು ಹಿಡಿದರೆ, ಇಳಿಜಾರು 8.5 ಡಿಗ್ರಿಯಾಗುವವರೆಗೂ ಅದರ ಮೇಲಿಟ್ಟ ವಸ್ತು ಜಾರುವುದಿಲ್ಲ. ಆದುದರಿಂದ, ಸುಮ್ಮನಿರುವ ತಿರುಪು ಎಷ್ಟು ವರ್ಷ ಕಳೆದರೂ ತಾನಾಗಿ ಬಿಚ್ಚಿಕೊಳ್ಳಬಾರದು.

ಹಾಗಾದರೆ ಅದು ಸಡಿಲುವುದೇಕೆ? ಇಳಿಜಾರು ಹಲಗೆಯ ಮೇಲೆ ಬೆಲ್ಲದ ಅಚ್ಚೊಂದನ್ನಿಟ್ಟು ನೋಡಿರಿ. ಹಲಗೆಯನ್ನು ಅಲುಗಿಸದಿದ್ದರೆ ಅಚ್ಚು ಇದ್ದಲ್ಲಿಯೇ ಇರುತ್ತದೆ. ಅಚ್ಚನ್ನು ಬೆರಳಿನಿಂದ ಅಡ್ಡಕ್ಕೆ, ಅಂದರೆ ಎಡಕ್ಕೂ ಬಲಕ್ಕೂ, ತಳ್ಳುತ್ತಿದ್ದರೆ ಅದು ಪ್ರತಿ ಸಾರಿಯೂ ಸ್ವಲ್ಪ ಸ್ವಲ್ಪವೇ ಕೆಳಕ್ಕೂ ಇಳಿಯುತ್ತದೆ. ನಾವು ಅದನ್ನು ಕೆಳಕ್ಕೆ ತಳ್ಳಲೇ ಇಲ್ಲ! ಕಾರಣವಿಷ್ಟೆ: ಘರ್ಷಣೆಯು ವಸ್ತು ಜಾರುತ್ತಿರುವ ದಿಕ್ಕಿಗೆ ವಿರುದ್ಧವಾಗಿ ವರ್ತಿಸುತ್ತದೆ. ಅಡ್ಡಚಲನೆಯನ್ನು ತಡೆಯುವುದರಲ್ಲಿ ಅದು ವ್ಯಯವಾದಾಗ, ಕೆಳಮುಖವಾದ ಅಲ್ಪ ಸೆಳೆತವನ್ನು ತಡೆಯಲು ಏನೂ ಉಳಿಯುವುದಿಲ್ಲ. ತಿರುಪಿನಲ್ಲಿ ಆ ಕೆಳಮುಖದ ಸೆಳೆತವೇ ಬಿಚ್ಚಿಕೊಳ್ಳುವ ದಿಕ್ಕು. 1969ರಲ್ಲಿ ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ ಎಂಬಾತನು, ಬೋಲ್ಟಿನ ಉದ್ದಕ್ಕೆ ಬರುವ ಕಂಪನಕ್ಕಿಂತ ಅದಕ್ಕೆ ಅಡ್ಡಲಾಗಿ ಬರುವ ಕಂಪನವೇ ಹೆಚ್ಚು ಘಾತುಕವೆಂದು ಪ್ರಯೋಗದಿಂದ ತೋರಿಸಿಕೊಟ್ಟನು.

ಈಗ ಪಿಸ್ತೂಲಿನತ್ತ ತಿರುಗೋಣ. 8 ಗ್ರಾಂ ತೂಕದ ಗುಂಡು ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ಹೊರಟಿತೆನ್ನೋಣ. ಸಂವೇಗ ಸಂರಕ್ಷಣೆಯ ನಿಯಮದಂತೆ, ಒಂದು ಕಿಲೋಗ್ರಾಂ ತೂಕದ ಪಿಸ್ತೂಲು ಸೆಕೆಂಡಿಗೆ 2.8 ಮೀಟರ್ ವೇಗದಲ್ಲಿ ಹಿಂದಕ್ಕೆ ಒದೆಯಬೇಕು. ಭಾಗಗಳೆಲ್ಲ ಒಟ್ಟಿಗೆ ಚಲಿಸುವುವೆಂದೂ, ಈ ವೇಗ ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಬರುವುದೆಂದೂ ಸರಳವಾಗಿ ಭಾವಿಸಿದರೆ, ವೇಗೋತ್ಕರ್ಷವು ಗುರುತ್ವದ ಸುಮಾರು 285ರಷ್ಟಾಗುತ್ತದೆ. ಆ ಕ್ಷಣದಲ್ಲಿ 30 ಗ್ರಾಂ ತೂಕದ ಹಲಗೆಯು ಎಂಟೂವರೆ ಕಿಲೋಗ್ರಾಂ ಭಾರದಂತೆ ತನ್ನ ತಿರುಪುಗಳನ್ನು ಜಗ್ಗುತ್ತದೆ. ಒದೆತವು ಹಿಂದಕ್ಕೆ, ತಿರುಪುಗಳಾದರೋ ಮಗ್ಗುಲಿನಿಂದ ಒಳಕ್ಕೆ ಹೊಕ್ಕಿವೆ. ಆದುದರಿಂದ ಪ್ರತಿಯೊಂದು ಏಟೂ ತಿರುಪಿಗೆ ಅಡ್ಡಲಾಗಿಯೇ ಬೀಳುತ್ತದೆ.

ರೈಲುಹಳಿಯ ಸಂದಿನಲ್ಲಿಯೂ ಇದೇ ಏರ್ಪಾಡು. ಎರಡು ಹಳಿಗಳ ತುದಿಗಳನ್ನು ಇಕ್ಕೆಲದ ಪಟ್ಟಿಗಳಿಂದ ಜೋಡಿಸುವ ಬೋಲ್ಟುಗಳು ಅಡ್ಡಲಾಗಿ ಮಲಗಿರುತ್ತವೆ. ಗಾಲಿಯ ಭಾರ ಮೇಲಿನಿಂದ ಬೀಳುತ್ತದೆ. ಹಳಿಗಳನ್ನು ಬೆಸುಗೆ ಹಾಕಿ ಇಂತಹ ಸಂದುಗಳನ್ನು ಬಹುಮಟ್ಟಿಗೆ ಕಡಮೆ ಮಾಡಿದ್ದರೂ, ಮಾರ್ಗದಲ್ಲಿ ನಡೆದುಹೋಗುತ್ತ ಹಳಿಯನ್ನು ಪರೀಕ್ಷಿಸುವ ಕೀಮನ್ನನ ಕೆಲಸ ಇನ್ನೂ ತಪ್ಪಿಲ್ಲ.

ಒದೆತದ ಜೊತೆಗೆ ಮತ್ತೊಂದು ಗುಪ್ತಶತ್ರುವುಂಟು, ಅದು ಹವೆ. ತರೀಕೆರೆಯ ಪಶ್ಚಿಮ ಭಾಗ ಮಲೆನಾಡು. ಕಡೂರು ಮಳೆ ಕಡಮೆಯ ಬಯಲುಸೀಮೆ. ಮರವು ಮಳೆಗಾಲದಲ್ಲಿ ತೇವವನ್ನು ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ. ಗಟ್ಟಿಮರದ ತೇವಾಂಶ ನೂರಕ್ಕೆ ಒಂದರಷ್ಟು ಇಳಿದರೆ, ಎಳೆಗೆ ಅಡ್ಡಲಾಗಿ ಅದು ಸ್ಥೂಲವಾಗಿ ನಾನೂರರಲ್ಲಿ ಒಂದು ಭಾಗ ಕುಗ್ಗುತ್ತದೆ. ತೇವಾಂಶ ಆರರಷ್ಟು ಇಳಿದರೆ 6 ಮಿಲಿಮೀಟರ್ ದಪ್ಪದ ಹಲಗೆ 0.09 ಮಿಲಿಮೀಟರ್ ತೆಳ್ಳಗಾಗುತ್ತದೆ.

ಇದು ಕೂದಲೆಳೆಯಷ್ಟು ಅಂತರ, ಇದರಿಂದೇನಾದೀತು ಎನ್ನಬಹುದು. ಬಿಗಿದ ತಿರುಪು ವಾಸ್ತವವಾಗಿ ಹಿಗ್ಗಿದ ಸ್ಪ್ರಿಂಗು. ಮರಳಿ ಕುಗ್ಗಲು ಅದು ಮಾಡುವ ಯತ್ನವೇ ಹಲಗೆಯನ್ನು ಅದುಮಿ ಹಿಡಿಯುತ್ತದೆ. 6 ಮಿಲಿಮೀಟರ್ ಉದ್ದದ ಉಕ್ಕಿನ ತಿರುಪು ಸಾವಿರದಲ್ಲಿ ಒಂದು ಭಾಗ ಹಿಗ್ಗಿದರೆ, ಹಿಗ್ಗಿದ ಪ್ರಮಾಣ 0.006 ಮಿಲಿಮೀಟರ್ ಮಾತ್ರ. ಮರ ಕುಗ್ಗಿದ್ದು ಅದರ ಹದಿನೈದು ಪಟ್ಟು! ಬಿಗಿತವೆಲ್ಲ ಹೊರಟುಹೋದ ಮೇಲೆ ಒದೆತಕ್ಕೆ ಎದುರೇ ಇಲ್ಲ. ಮಳೆಗಾಲದಲ್ಲಿ ಬಿಗಿದ ತಿರುಪು ಚೈತ್ರ ವೈಶಾಖಗಳಲ್ಲಿ ಸಡಿಲುವುದರ ಗುಟ್ಟು ಇದೇ.

ಕಾರಣ ತಿಳಿದ ಮೇಲೆ ಪರಿಹಾರಗಳು ಸುಲಭವಾಗಿ ಹೊಳೆಯುತ್ತವೆ. ಯಾವುದಕ್ಕೂ ಮುನ್ನ ಮ್ಯಾಗಜೀನನ್ನು ತೆಗೆದು, ನಳಿಗೆಯ ಕೋಣೆ ಬರಿದಾಗಿದೆಯೆಂದು ಕಣ್ಣಾರೆ ನೋಡಿಕೊಳ್ಳಬೇಕು. ಈ ನಿಯಮಕ್ಕೆ ವಿನಾಯಿತಿಯಿಲ್ಲ.

ಮೊದಲನೆಯದು, ತಿರುಪಿನ ಸುತ್ತುಗಳಿಗೆ ಹರಿದ ಎಣ್ಣೆಯನ್ನು ಒರೆಸುವುದು; ಎಣ್ಣೆಯು ಘರ್ಷಣೆಯನ್ನು ಕುಗ್ಗಿಸುತ್ತದೆ. ಎರಡನೆಯದು, ಮರದ ಒಳಮೈಗೂ ಅಗಸೆ ಎಣ್ಣೆಯನ್ನೋ ವಾರ್ನಿಷನ್ನೋ ಬಳಿದು ತೇವದ ಹೋಗುಬರವನ್ನು ನಿಧಾನಗೊಳಿಸುವುದು. ಮೂರನೆಯದು, ತಿರುಪಿನ ತಲೆಯಡಿ ತೆಳ್ಳನೆಯ ರಬ್ಬರ್ ಬಳೆಯನ್ನಿಡುವುದು. ಅದು 0.3 ಮಿಲಿಮೀಟರ್ ಅದುಮಿಕೊಂಡಿದ್ದರೆ, ಮರ 0.09 ಮಿಲಿಮೀಟರ್ ಕುಗ್ಗಿದಾಗಲೂ ಒತ್ತಡದ ಬಹುಭಾಗ ಉಳಿಯುತ್ತದೆ. ಸಾಮಾನ್ಯ ಸ್ಪ್ರಿಂಗ್ ವಾಷರಿನ ಮೇಲೆ ಅತಿಯಾದ ನಂಬಿಕೆ ಸಲ್ಲದು. ಅಡ್ಡಕಂಪನದ ಪರೀಕ್ಷೆಗಳಲ್ಲಿ ಅದರಿಂದ ಹೇಳಿಕೊಳ್ಳುವಂತಹ ಪ್ರಯೋಜನ ಕಂಡುಬಂದಿಲ್ಲ.

ನಾಲ್ಕನೆಯದು ರಸಾಯನಶಾಸ್ತ್ರದ ಕೊಡುಗೆ. 1953ರಲ್ಲಿ ಅಮೆರಿಕದ ಪ್ರಾಧ್ಯಾಪಕ ವರ್ನನ್ ಕ್ರೀಬಲ್ ವಿಚಿತ್ರವಾದ ಅಂಟುದ್ರವವೊಂದನ್ನು ರೂಪಿಸಿದನು. ಗಾಳಿ ತಗಲುತ್ತಿರುವವರೆಗೆ ಅದು ದ್ರವವಾಗಿಯೇ ಇರುತ್ತದೆ. ಲೋಹದ ಸಂದಿನಲ್ಲಿ ಗಾಳಿಯಿಲ್ಲದೆ ಸಿಕ್ಕಿಕೊಂಡಾಗ ಗಟ್ಟಿಯಾಗಿ ಸುತ್ತುಗಳ ನಡುವಣ ಬಿರುಕನ್ನು ತುಂಬುತ್ತದೆ. ಆಗ ತಿರುಪು ಅಡ್ಡಕ್ಕೆ ಅಲುಗಲು ಎಡೆಯೇ ಇಲ್ಲ. ಹಿಡಿಯ ತಿರುಪಿಗೆ ಇದರಲ್ಲಿ ಕಡಮೆ ಶಕ್ತಿಯ ಬಗೆಯೇ ಸಾಕು, ಅದೂ ಒಂದು ಸಣ್ಣ ಹನಿ. ಜಾನ್ ಬ್ರೌನಿಂಗ್ ರೂಪಿಸಿದ 1911ರ ಮಾದರಿಯ ಪಿಸ್ತೂಲಿನಲ್ಲಿ ತಿರುಪು ನೇರವಾಗಿ ಚೌಕಟ್ಟಿಗೆ ಸೇರದೆ ಒಂದು ಪುಟ್ಟ ಕೊಳವೆಗೆ ಸೇರುತ್ತದೆ. ಅಂಟು ಅತಿ ಬಲವಾದರೆ ಬಿಚ್ಚುವಾಗ ಆ ಕೊಳವೆಯೇ ತಿರುಪಿನೊಡನೆ ಕಿತ್ತುಬರುತ್ತದೆ.

ಇವೆಲ್ಲಕ್ಕಿಂತ ಅಗ್ಗವಾದ ಉಪಾಯವೊಂದುಂಟು. ಬಿಗಿದ ತಿರುಪಿನ ತಲೆಯಿಂದ ಹಲಗೆಯವರೆಗೆ ಬಣ್ಣದ ಸಣ್ಣ ಗೆರೆಯೊಂದನ್ನೆಳೆಯಿರಿ. ಗೆರೆ ತುಂಡಾಗಿ ಕಂಡರೆ ತಿರುಪು ತಿರುಗಿದೆಯೆಂದೇ ಅರ್ಥ. ಗೆರೆ ನೇರವಾಗಿದ್ದೂ ಹಲಗೆ ಅಲುಗಿದರೆ, ತಿರುಪು ತಿರುಗಿಲ್ಲ, ಮರವೇ ಕುಗ್ಗಿದೆ ಎಂದು ತಿಳಿಯಬೇಕು. ಎರಡು ರೋಗಗಳಿಗೂ ಮದ್ದು ಬೇರೆ ಬೇರೆ: ತಿರುಗಿದ್ದಕ್ಕೆ ಅಂಟು, ಕುಗ್ಗಿದ್ದಕ್ಕೆ ರಬ್ಬರಿನ ಬಳೆ. ಇದನ್ನು ವಿವೇಚಿಸದೆ ಸುಮ್ಮನೆ ಮತ್ತೆ ಮತ್ತೆ ಬಿಗಿಯುತ್ತ ಹೋದರೆ ಹಲಗೆ ಸೀಳುತ್ತದೆ, ಇಲ್ಲವೇ ತಿರುಪಿನ ಸುತ್ತು ಸವೆಯುತ್ತದೆ.

ಪಿಸ್ತೂಲಿನ ಮಾತು ಕೆಲವರಿಗಷ್ಟೇ ಸಂಬಂಧಿಸಿದ್ದು. ಆದರೆ ಪಂಪು, ಟಿಲ್ಲರು, ಹೊಲಿಗೆಯಂತ್ರ, ಸೈಕಲ್ಲುಗಳು ನಮ್ಮೆಲ್ಲರ ಮನೆಗಳಲ್ಲಿಯೂ ಉಂಟು. ಮುಂದಿನ ಸಾರಿ ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವ ಮುನ್ನ, ಅಲುಗಾಟ ಯಾವ ದಿಕ್ಕಿನಿಂದ ಬರುತ್ತಿದೆ, ಬಿಗಿತವನ್ನು ಹಿಡಿದಿಡುವ ಸ್ಪ್ರಿಂಗು ಎಲ್ಲಿದೆ, ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಉತ್ತರ ದೊರೆತರೆ ಅರ್ಧ ಕೆಲಸ ಮುಗಿದಂತೆಯೇ.